ಮುನಾವರ್ ಪಾಷಾನ ಬ್ಯಾಟರಿ ತೊಟ್ಟಿಗೇರಿದ್ದು

ಶ್ರೀರಂಗಪಟ್ಟಣದ ಗಂಜಾಮಿನ ಮುನಾವರ್ ಪಾಷಾ ಸಂಜೆ ಎಂದೂ ಬರಿಗೈಲಿ ಮನೆಗೆ ಬಂದವನಲ್ಲ. ತನ್ನ ಪಿಕಪ್ ಗಾಡಿಯ ಬ್ಯಾಟರಿಯನ್ನು ಎದೆಗವುಚಿಕೊಂಡೇ ಹೊಸಿಲು ದಾಟುತ್ತಿದ್ದ. ಗಾಡಿಯ ಹೊಟ್ಟೆಯಡಿ ಇದ್ದ ಬ್ಯಾಟರಿಯನ್ನು ಒಮ್ಮೆ ಕಳ್ಳರು ಬಿಚ್ಚಿಕೊಂಡು ಹೋದ ಮೇಲೆ ಹಿಡಿದ ವ್ರತ ಇದು. ದಿನಾ ಸಂಜೆ ರಸ್ತೆಯಲ್ಲಿ ಅಂಗಾತ ಮಲಗಿ ಬಿಚ್ಚುವುದು, ದಿನಾ ಬೆಳಿಗ್ಗೆ ಅಂಗಾತ ಮಲಗಿ ಕಟ್ಟುವುದು. ರಾತ್ರಿಯೆಲ್ಲ ಅದರ ವಾಸ ಮಂಚದ ಪಕ್ಕ.

‘‘ಬಂದ್ಲಪ್ಪ ನನ್ ಸವತಿ,’’ ಎಂದು ಹೆಂಡತಿ ರಹಮತ್ ಬೀ ದಾರಿ ಬಿಡುತ್ತಿದ್ದಳು.

ಈ ಎರಡನೆಯ ಸಂಸಾರ ವರ್ಷಗಟ್ಟಲೆ ನಡೆದು ಮುನಾವರನ ಸೊಂಟವನ್ನು ತಿಂದುಹಾಕಿತು. ಇನ್ನೊಮ್ಮೆ ಭಾರ ಎತ್ತಿದರೆ ಸ್ಟೇರಿಂಗ್ ಹಿಡಿಯುವ ಮಾತೇ ಇಲ್ಲ ಎಂದರು ಡಾಕ್ಟರು. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಹಾಗಾಗಿ ಬ್ಯಾಟರಿಗೆ ಪಟ್ಟಾಭಿಷೇಕವಾಯಿತು. ವೆಲ್ಡಿಂಗ್ ಅಂಗಡಿಯ ರಿಹಾನ್ ಅದನ್ನು ಪಾತಾಳದಿಂದೆತ್ತಿ, ಸಾಮಾನು ತುಂಬುವ ಹಿಂದಿನ ತೊಟ್ಟಿಯಲ್ಲಿ, ಕ್ಯಾಬಿನ್ನಿನ ಬೆನ್ನಿಗೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಬೆಸೆದು, ಉದ್ದನೆಯ ತಂತಿ ಎಳೆದು ಕೂರಿಸಿದ. ಮೇಲೆ ಮುಷ್ಟಿ ಗಾತ್ರದ ಬೀಗ. ಇನ್ನು ಮಲಗುವುದೂ ಇಲ್ಲ, ಹೊರುವುದೂ ಇಲ್ಲ.

ಆ ಸಂಜೆ ಮುನಾವರ್ ಮನೆಗೆ ಬಂದ. ಎದೆಯ ಮೇಲೆ ಬ್ಯಾಟರಿ.

‘‘ಬೀಗ ಹಾಕ್ಲಿಲ್ವಾ?’’ ಎಂದಳು ರಹಮತ್ ಬೀ.

‘‘ಹಾಕಿದ್ದೆ ಕಣೆ. ಅದ್ ಅಲ್ಲಿದ್ರೆ ನಂಗೆ ನಿದ್ದೆ ಬರಾಕಿಲ್ಲ.’’

ಬೆಳಿಗ್ಗೆ ರಹಮತ್ ಬೀ ರಿಹಾನನನ್ನು ಕರೆಸಿ ಬ್ಯಾಟರಿಯನ್ನು ಸಿಂಹಾಸನಕ್ಕೆ ಮರಳಿಸಿದಳು. ತಾನೇ ಬೀಗ ಜಡಿದು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ‘‘ಕೊಡಾಕಿಲ್ಲ. ಸೊಂಟ ನಿಮ್ದಾದ್ರೂ ಎಣ್ಣೆ ಉಜ್ಜೋ ಕೈ ನಂದು.’’

ರಾತ್ರಿಯಿಡೀ ಕಣ್ಣು ಮುಚ್ಚದೆ ಹೊರಳಾಡುವ ಮುನಾವರನನ್ನು ಬಿಟ್ಟರೆ ಕೆಲವು ದಿನ ರಾಜ್ಯ ಸುಭಿಕ್ಷವಾಗಿತ್ತು. ಆಮೇಲೆ ಪಾಂಡವಪುರದ ಶಿವಣ್ಣ ತನ್ನ ಹಸುಗಳಿಗೆಂದು ಕೆ.ಆರ್. ಪೇಟೆ ಕಡೆ ಹುಲ್ಲು ಕೊಂಡು, ತರಲು ಮುನಾವರನನ್ನು ಕರೆದ. ಅಲ್ಲಿನ ಆಳುಗಳು ತೊಟ್ಟಿಯಲ್ಲಿ ಹುಲ್ಲಿನ ಇನ್ನೊಂದು ಕರಿಘಟ್ಟ ಬೆಟ್ಟವನ್ನೇ ಎಬ್ಬಿಸಿದರು. ಶಿವಣ್ಣನನ್ನೂ ಕೂರಿಸಿಕೊಂಡು ಬರುವಾಗ ದಾರಿಯ ಚಿನಕುರಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತು. ಟೀ ಮುಗಿಸಿ ಕೀ ತಿರುಗಿಸಿದರೆ ಗಾಡಿ ಕೆಮ್ಮಲೂ ಇಲ್ಲ.

‘‘ಬ್ಯಾಟ್ರಿ ವೈರು ಬಿಟ್ಕಂಡೈತೆ,’’ ಎಂದ ಮುನಾವರ್.

‘‘ಸಿಗಿಸ್ಲಾ ಅತ್ಲಾಗೆ. ಎಲ್ಲೈತೆ ಬ್ಯಾಟ್ರಿ?’’

‘‘ನಿನ್ ಉಲ್ಲಿನ ಕೆಳಗೆ.’’

ಶಿವಣ್ಣ ಆಕಾಶ ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ ಒಬ್ಬನೇ ಗುಡ್ಡ ಅಗೆಯತೊಡಗಿದ. ಮುನಾವರನ ಕೈ ಒಂದು ಕಟ್ಟಿನತ್ತ ಹೋಯಿತು.

‘‘ಮುಟ್ಬುಟ್ಟೀಯಾ! ಗಾಡಿ ಮಲಗಿರೋದೇ ಸಾಕು, ನೀನೂ ಮಲ್ಕಬ್ಯಾಡ.’’

ಕೊನೆಗೆ ಪೆಟ್ಟಿಗೆ ಕಂಡಿತು. ಮೈತುಂಬ ಹುಲ್ಲುಪುಡಿ ಮೆತ್ತಿಕೊಂಡ ಶಿವಣ್ಣ ಕೈ ನೀಡಿದ. ‘‘ತತ್ತಾ ಬೀಗದ ಕೈ.’’

‘‘ಗಂಜಾಮ್ನಲ್ಲೈತೆ.’’

‘‘ಗಂಜಾಮ್ನಲ್ಲಿ ಎಲ್ಲಿ?’’

‘‘ಸೆರಗ್ನಲ್ಲಿ.’’

ಶಿವಣ್ಣ ಕಲ್ಲು ತಂದು ಬೀಗಕ್ಕೆ ಬಡಿದ. ಶ್ರೀರಂಗಪಟ್ಟಣದ ಕೋಟೆ ಬಿದ್ದಿರಬಹುದು, ಈ ಬೀಗ ಬೀಳಲಿಲ್ಲ. ಕಲ್ಲು ಎಸೆದು, ‘‘ಫೋನ್ ಮಾಡ್ಲಾ ನಿನ್ ಎಡ್ತಿಗೆ,’’ ಎಂದು ಹುಲ್ಲಿನ ಮೇಲೆ ಕೂತುಬಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ರಹಮತ್ ಬೀ ಬಸ್ಸಿಳಿದಳು. ಬುರ್ಖಾದೊಳಗಿನಿಂದ ಸೆರಗಿನ ತುದಿ ಎಳೆದು ಗಂಟು ಬಿಚ್ಚಿದಳು. ಮುನಾವರ್ ಚಾಚಿದ ಕೈ ಹಾಗೇ ಉಳಿಯಿತು. ಅವಳು ಹುಲ್ಲಿನ ಕಟ್ಟುಗಳನ್ನೇ ಮೆಟ್ಟಿಲು ಮಾಡಿಕೊಂಡು ತೊಟ್ಟಿ ಹತ್ತಿ ಬೀಗ ತೆಗೆದಳು.

‘‘ಯಾವ್ದು?’’

‘‘ಕೆಂಪು ವೈರು. ಕೂರ್ಸಿ ತಟ್ಟು. ಮೆಲ್ಲಗೆ, ಮೆಲ್ಲಗೆ...’’

ಶಿವಣ್ಣ ಎಸೆದ ಕಲ್ಲನ್ನೇ ಈಸಿಕೊಂಡು ಅವಳು ತಟ್ಟಿದ ರೀತಿ ಮೆಲ್ಲಗಿನದಲ್ಲ. ಸವತಿಗೆ ಅಷ್ಟು ವರ್ಷದ ಉತ್ತರ ಅಲ್ಲೇ ಕೊಟ್ಟಂತಿತ್ತು. ಮುನಾವರ್ ಕೀ ತಿರುಗಿಸಿದ. ಗಾಡಿ ಗುಡುಗಿತು.

ಅವಳು ಮತ್ತೆ ಬೀಗ ಜಡಿದು, ಬೀಗದ ಕೈ ಗಂಟು ಹಾಕಿಕೊಂಡು, ಬಂದು ಅವನ ಪಕ್ಕದ ಸೀಟಿನಲ್ಲಿ ಕೂತಳು.

‘‘ನೀನೆಲ್ಲಿಗೆ?’’

‘‘ಬೀಗ ಓದ್ ಕಡೆ ಬೀಗದ ಕೈ. ದಿನಾ.’’

ಇಂಜಿನ್ ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಗುಡುಗುತ್ತಿರುವಂತೆಯೇ ಶಿವಣ್ಣ ಟೀ ಅಂಗಡಿಯವರನ್ನು ಕಾಡಿ ಬೇಡಿ ಹುಲ್ಲನ್ನು ಮತ್ತೆ ಒಟ್ಟಿದ. ಈ ಸಲ ಪೆಟ್ಟಿಗೆಯ ಮೂಲೆಯನ್ನು ಖಾಲಿ ಬಿಟ್ಟ. ಸುಸ್ತಾಗಿ ಬಂದು ಕ್ಯಾಬಿನ್ನಿನ ಬಾಗಿಲಿಗೆ ಗುದ್ದಿದ. ‘‘ತುಂಬಿದ್ದಾಯ್ತು, ಗಾಡಿ ಒಡಿಲಾ ಪಾಷಾ!’’

ರಹಮತ್ ಬೀ ಕಿಟಕಿಯಿಂದ ತಲೆ ಹಾಕಿದಳು. ಅವಳ ಆಚೆಗೆ ಮುನಾವರ್ ಬಾಯಿ ತೆರೆದು, ಸ್ಟೇರಿಂಗಿಗೆ ಕೆನ್ನೆಯೊತ್ತಿ ಗೊರಕೆ ಹೊಡೆಯುತ್ತಿದ್ದ.

‘‘ವಸಿ ತಡ್ಕಳಿ ಶಿವಣ್ಣ,’’ ಎಂದಳು. ‘‘ಈಗ್ಲಾದ್ರೂ ನಿದ್ದೆ ಬಂದೈತೆ.’’