ಜೋತುಬಿದ್ದ ಅಸ್ತರ

ನಮ್ಮೂರು ಉಮದಿಯ ಕನ್ನಡ ಶಾಲೆಯಿಂದ ಮುಚ್ಚಂಡಿಯ ಶಾಲೆಗೆ ಶಿಕ್ಷಕಿಯಾದ ನನಗೆ ಬದಲಿಯಾದ ವರ್ಷ, ಬಸ್ಸಿನ ವೇಳೆಗೂ ಶಾಲೆಯ ಗಂಟೆಗೂ ಹೊಂದದೆ, ನಾನು ಗಾಡಿ ಬಿಡಲು ಕಲಿತೆ. ಆಗ ನನಗೆ ನಲವತ್ತೊಂದು. ಮಿರಜಿನಲ್ಲಿ ಒಬ್ಬ ನಿವೃತ್ತ ನೌಕರರ ಮನೆಯ ಮುಂದೆ ಬಹಳ ವರ್ಷ ಬಿಸಿಲಿಗೆ ನಿಂತಿದ್ದ ಒಂದು ಸಣ್ಣ ಕಾರು ನಮ್ಮ ಕೈಗೆಟುಕುವಂತೆ ಸಿಕ್ಕಿತು. ಎಂಜಿನ್ ಗಟ್ಟಿಯಾಗಿತ್ತು. ಒಳಗೆ ಮಾತ್ರ ನೋಡುವಂತಿರಲಿಲ್ಲ. ಬಾಗಿಲಿನ ರೆಕ್ಸಿನ್ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು; ಮೊಣಕೈ ಊರಿದರೆ ಸೀರೆಗೆಲ್ಲ ಕರಿ ಹೊಟ್ಟು. ಮೇಲ್ಛಾವಣಿಯ ಒಳಗಿನ ಅಸ್ತರವಂತೂ ಗಬ್ಬದ ಕುರಿಯ ಹೊಟ್ಟೆಯಂತೆ ನಡುವೆ ಜೋತುಬಿದ್ದಿತ್ತು. ನಾನು ಗಿಡ್ಡಿ, ನನಗದು ತಾಗುತ್ತಿರಲಿಲ್ಲ. ತಾಗಿದ್ದು ಅಪ್ಪನ ಪಟಗಾಕ್ಕೆ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಈಗಲೂ ಹತ್ತಾರು ಕುರಿ ಇಟ್ಟುಕೊಂಡು ಊರ ಸುತ್ತಲೇ ಮೇಯಿಸುತ್ತಾನೆ. ಅವನ ತಲೆಯ ಮೇಲಿನ ಪಟಗಾ ಸಣ್ಣದಲ್ಲ. ಸುತ್ತಿ ಸುತ್ತಿ ಕಟ್ಟಿದರೆ ಒಂದು ಮೊಳದಷ್ಟು ಅಗಲ ಆಗುತ್ತದೆ. ಗಾಡಿ ತಂದ ದಿನ ಪೂಜೆ ಮುಗಿಸಿ ಅವನನ್ನೇ ಮೊದಲು ಕೂಡ್ರಿಸಬೇಕೆಂದು ನಾನು ಬಾಗಿಲು ತೆರೆದು ನಿಂತೆ. ಅಪ್ಪ ಒಳಗೆ ತಲೆ ತೂರಿಸಿದ, ಅಸ್ತರ ಪಟಗಾದ ಮೇಲೆ ಬಂದು ಕುಳಿತಿತು, ಅಪ್ಪ ಹಾಗೆಯೇ ಹಿಂದಕ್ಕೆ ಸರಿದ.

"ನಿನ್ನ ಗಾಡಿ ಚಲೋ ಐತಿ ಅವ್ವಾ. ಆದ್ರ ನನ್ನ ತಲಿಗೂ ಅದಕ್ಕೂ ಕೂಡಂಗಿಲ್ಲ."

"ಪಟಗಾ ತಗದು ತೊಡಿ ಮ್ಯಾಲ ಇಟ್ಕೋ ಅಪ್ಪಾ, ಏನಾಗತೈತಿ?"

"ಪಟಗಾ ಇಳಿಸೂದು ಮಣ್ಣಿಗೆ ಹೋದಾಗ ಅಷ್ಟ," ಎಂದ. ನಾನು ಬಾಗಿಲು ಮುಚ್ಚಿದೆ.

ಆ ರಾತ್ರಿ ನನಗೊಂದು ಉಪಾಯ ಹೊಳೆಯಿತು. ಶಾಲೆಯಲ್ಲಿ ಚಿತ್ರಪಟ ಹಚ್ಚಲು ಬಳಸುವ ಟಾಚಣಿ ಪಿನ್ನುಗಳನ್ನು ತಂದು, ಅಸ್ತರವನ್ನು ಮೇಲಕ್ಕೆ ಒತ್ತಿ ಸಾಲಾಗಿ ಚುಚ್ಚಿದೆ. ನೋಡಲು ಅಚ್ಚುಕಟ್ಟಾಗಿ ಕಂಡಿತು. ಅಪ್ಪನೂ ಒಪ್ಪಿ ಸಂತೆಯ ದಿನ ನನ್ನ ಪಕ್ಕದಲ್ಲಿ ಬಂದು ಕುಳಿತ. ಬಸ್ ನಿಲ್ದಾಣದ ಹತ್ತಿರ ರಸ್ತೆಯುಬ್ಬಿನ ಮೇಲೆ ಗಾಡಿ ಒಮ್ಮೆ ಎಗರಿತು. ಗಾಡಿ ನಿಲ್ಲಿಸಿದೆ, ಅಪ್ಪ ಇಳಿಯಲು ಬಾಗಿದ. ಅವನು ಇಳಿದ, ಪಟಗಾ ಇಳಿಯಲಿಲ್ಲ. ಟಾಚಣಿಗೆ ಸಿಕ್ಕಿಕೊಂಡ ಅದರ ಸುರುಳಿ ಬಿಚ್ಚುತ್ತ ಬಿಚ್ಚುತ್ತ ಬಾಗಿಲಿನಿಂದ ರಸ್ತೆಯವರೆಗೆ ಬಂತು. ಸಂತೆಗೆ ಬಂದ ಮಂದಿಯೆಲ್ಲ ನಿಂತು ನೋಡಿದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬರಿದಲೆಯಲ್ಲಿ ನಿಂತ ಅಪ್ಪನನ್ನು ನಾನು ನೋಡಿದ್ದು ಅಜ್ಜ ತೀರಿಕೊಂಡ ದಿನ ಬಿಟ್ಟರೆ ಅಂದೇ. ಅವನು ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಚಹಾದಂಗಡಿಯ ಹಿಂದೆ ಹೋಗಿ ಸುತ್ತಿಕೊಂಡು ಬಂದ, ಸಂತೆ ಮಾಡಿದ, ನಡೆದುಕೊಂಡೇ ಮನೆಗೆ ಹೋದ.

ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ನನ್ನ ಗಂಡನ ಮನೆಗೂ ತವರುಮನೆಗೂ ನಡುವೆ ಇರುವುದು ಎರಡೇ ಓಣಿ, ದಿನಾ ಕಾಣುತ್ತೇವೆ. ಅಪ್ಪ ಎಂದಿನಂತೆಯೇ ಮಾತಾಡಿಸುತ್ತಿದ್ದ. ಆದರೆ ಎಲ್ಲಿಗಾದರೂ ಹೋಗುವ ಮಾತು ಬಂದರೆ, "ನಾ ಬಸ್ಸಿಗೆ ಹೋಗ್ತೀನಿ," ಎನ್ನುತ್ತಿದ್ದ.

ಹಾಗಿರುವಾಗ ಬೇಸಿಗೆ ಕಳೆದು ಆಷಾಢ ಹಿಡಿಯುವಾಗ ಡಫಳಾಪುರದಿಂದ ಅತ್ತೆಯ ಫೋನ್ ಬಂತು. ಅಪ್ಪನಿಗೆ ಒಬ್ಬಳೇ ಅಕ್ಕ ಅವಳು. ಕುರಿಗಳ ಹಿಂದೆ ಅಜ್ಜ-ಅಜ್ಜಿ ಊರೂರು ತಿರುಗುವಾಗ ಅಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು. ಮದುವೆಯಾಗಿ ಹೋದ ಮೇಲೂ ಒಂದು ನಾಗರಪಂಚಮಿಯ ಜೋಕಾಲಿಯನ್ನೂ ತಪ್ಪಿಸದೆ ತವರಿಗೆ ಬಂದವಳು. ಮೂರು ವರ್ಷದ ಹಿಂದೆ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲು ಆಗದೆ ಬರುವುದು ನಿಂತಿತ್ತು. ಫೋನಿನ ಸ್ಪೀಕರ್ ಹಚ್ಚಿ ನಾನು ಅಪ್ಪನ ಮುಂದೆ ಹಿಡಿದೆ.

"ತಮ್ಮಾ, ಈ ಸಲಾನೂ ನನ್ನ ಬಿಟ್ಟ ಜೋಕಾಲಿ ಕಟ್ತೀರೇನ?"

ಅಪ್ಪ ಫೋನಿನ ಹತ್ತಿರ ಬಾಗಿ, "ನಾ ಬರ್ತೀನಿ ಅಕ್ಕಾ. ಕರಕೊಂಡ ಬರ್ತೀನಿ," ಎಂದ. ಹೇಗೆ ಎಂದು ಅತ್ತೆ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಆದರೆ ಸಂಜೆ ಅವನು ಒಂದು ಬಾಡಿಗೆ ಜೀಪಿನವನ ಹತ್ತಿರ ವಿಚಾರಿಸಿದನೆಂದು ಗೊತ್ತಾಯಿತು. ಮಗಳ ಅಂಗಳದಲ್ಲಿ ಗಾಡಿ ನಿಂತಿದೆ, ಅಪ್ಪ ಬಾಡಿಗೆ ಜೀಪು ಹುಡುಕುತ್ತಿದ್ದಾನೆ. ನನಗೆ ತಡೆಯಲಾಗಲಿಲ್ಲ.

ಮರುದಿನವೇ ಜತ್ತಕ್ಕೆ ಹೋಗಿ ಸೀಟ್ ಕವರ್ ಹೊಲಿಯುವ ಒಂದು ಅಂಗಡಿ ಹೊಕ್ಕೆ. ಅಂಗಡಿಯವರು ಗಾಡಿಯೊಳಗೆ ಬಗ್ಗಿ ನೋಡಿ ನಕ್ಕುಬಿಟ್ಟರು.

"ಬಾಯಾರ, ಮೊದಲ ಈ ಟಾಚಣಿ ತಗೀರಿ. ಅಸ್ತರದ ತಪ್ಪ ಇಲ್ಲ. ಅದರ ಹಿಂದಿನ ಫೋಮ್ ಸತ್ತೈತಿ. ಸತ್ತ ಫೋಮಿಗೆ ಏನ ಹಚ್ಚಿದರೂ ಹಿಡಿಯಂಗಿಲ್ಲ."

ಹೊಸದಾಗಿ ಮಾಡಿಕೊಡಲು ಅವರು ಹೇಳಿದ ದರ ನನಗೆ ಆಗಿಬರುವಂತಿರಲಿಲ್ಲ. ನನ್ನ ಮುಖ ನೋಡಿ ಅವರೇ ದಾರಿ ಹೇಳಿದರು: ಮೇಲಿನ ಹಲಗೆಯನ್ನು ಬಿಚ್ಚಿ ಇಳಿಸಬೇಕು, ಸತ್ತ ಫೋಮನ್ನು ಪೂರಾ ಉಜ್ಜಿ ತೆಗೆಯಬೇಕು, ಹಿಂಬದಿಗೆ ತೆಳು ಫೋಮ್ ಇರುವ ಬಟ್ಟೆಯನ್ನು ಚಪ್ಪಲಿಗೆ ಹಚ್ಚುವ ಹಳದಿ ಸೊಲ್ಯೂಶನ್‌ನಿಂದ ಅಂಟಿಸಬೇಕು. ಯಾರದೋ ದೊಡ್ಡ ಗಾಡಿಗೆ ತಂದು ಉಳಿದಿದ್ದ ಬೂದಿ ಬಣ್ಣದ ತುಂಡನ್ನು ಅಗ್ಗದಲ್ಲಿ ಕೊಟ್ಟರು. "ಮಾಡ್ರಿ, ಬರತೈತಿ. ಅವಸರ ಮಾಡಬ್ಯಾಡ್ರಿ ಅಷ್ಟ," ಎಂದರು.

ನಾನು ಅವಸರ ಮಾಡಿದೆ. ಭಾನುವಾರ ದೀಪ, ಬಿಸಿಲು ತಡೆಯುವ ಪಟ್ಟಿ, ಹಿಡಿಕೆ ಎಲ್ಲ ಬಿಚ್ಚಿ, ಮುಂದಿನ ಸೀಟು ಮಲಗಿಸಿ, ಗಂಡನ ಸಹಾಯದಿಂದ ಹಲಗೆಯನ್ನು ಹಿಂದಿನ ಬಾಗಿಲಿನಿಂದ ಎಳೆದೆ. ಅದು ಒತ್ತಿ ಮಾಡಿದ ನಾರಿನ ತೆಳು ಹಲಗೆ. ಒಂದು ಮೂಲೆ ಚಟ್ಟನೆ ಸೀಳಿತು. ಹಳೆಯ ಬಟ್ಟೆ ಕಿತ್ತರೆ ಫೋಮು ಅರಿಶಿನದ ಪುಡಿಯಂತೆ ಉದುರಿ ಮುಖ, ಕೂದಲು, ಅಂಗಳ ಎಲ್ಲ ತುಂಬಿತು. ಅರ್ಧ ಉಜ್ಜಿ ಸಾಕಾಯಿತು. ಹಳದಿ ಸೊಲ್ಯೂಶನ್‌ನ ವಾಸನೆಗೆ ತಲೆ ಹಿಡಿದು, ಶಾಲೆಯ ಕರಕುಶಲದ ಬಿಳಿ ಅಂಟನ್ನೇ ಬಳಿದು, ಹಳೆಯ ಸೀರೆಯ ತುಂಡಿನ ಮೇಲೆ ಪ್ರಯೋಗ ಮಾಡಿ ನೋಡಿದೆ. ಹೊಸ ಬಟ್ಟೆಯನ್ನು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಮರುದಿನ ಮಧ್ಯಾಹ್ನದ ಬಿಸಿಲಿಗೆ ಸೀರೆ ಎದ್ದು ಜಿಲೇಬಿಯಂತೆ ಸುರುಳಿ ಸುತ್ತಿತ್ತು. ನಾನು ಹಲಗೆಯ ಪಕ್ಕ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಸೀರೆಗಾಗಿ ಅತ್ತಿದ್ದಲ್ಲ.

ಅಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ. ಹಲಗೆಯ ಹತ್ತಿರ ನಿಂತು, ಅದರ ಮೇಲೆ ಬೆರಳು ಎಳೆದು, ಬೆರಳಿಗೆ ಹತ್ತಿದ ಪುಡಿಯನ್ನು ನೋಡಿದ.

"ತುಪ್ಪಟ ಕತ್ತರಸೂಕ್ಕಿಂತ ಮೊದಲ ಕುರಿ ಮೈ ತೊಳೀತೀವಿ. ನೀ ತೊಳೀದನ ಕತ್ತರಿ ಹಿಡದಿ."

"ನನಗ ಬರಂಗಿಲ್ಲ ಬಿಡು ಅಪ್ಪಾ."

"ಯಾರ ಹೇಳಿದರು? ನಮ್ಮನಿಗೆ ತಗೊಂಡ ಬಾ ಇದನ್ನ."

ಕುರಿ ಮೇಯಿಸುವುದರ ಜೊತೆಗೆ ಅಪ್ಪ ಹಿಂದೆ ಕಂಬಳಿ ನೇಯುತ್ತಿದ್ದ. ಕಂಬಳಿಗೆ ಗಿರಾಕಿ ಕಡಿಮೆಯಾಗಿ ಮಗ್ಗ ಅಟ್ಟ ಸೇರಿ ಬಹಳ ವರ್ಷವಾಗಿತ್ತು. ನೂಲಿಗೆ ಹುಣಸೆಬೀಜದ ಅಂಟು ಬಳಿಯುವುದು ಅವನ ಕೈಯ ಕೆಲಸ. ಎಲ್ಲಿ ದಪ್ಪ, ಎಲ್ಲಿ ತೆಳು, ಯಾವಾಗ ಹಸಿ, ಯಾವಾಗ ಒಣಗಿದೆ ಎಂಬುದು ಅವನ ಬೆರಳಿಗೆ ಗೊತ್ತು. ಗಾಡಿಯ ಅಸ್ತರ ಅವನಿಗೆ ಹೊಸದು, ಅಂಟು ಹೊಸದಲ್ಲ.

ಪಡಸಾಲೆಯಲ್ಲಿ ಎರಡು ಹೊರಸು ಜೋಡಿಸಿ ಹಲಗೆ ಮಲಗಿಸಿದೆವು. ಎರಡು ದಿನ ಬರೀ ಉಜ್ಜಿದೆವು. ಬಟ್ಟೆ ತೊಳೆಯುವ ಮೆತ್ತನೆಯ ಬ್ರಷ್ಷಿನಿಂದ, ಒತ್ತದೆ, ಹಲಗೆಯ ನಾರು ಏಳದಂತೆ. ಸೀಳಿದ ಮೂಲೆಗೆ ಅಪ್ಪ ಹಳೆ ಕಂಬಳಿಯ ಒಂದು ಪಟ್ಟಿಯನ್ನು ಹಿಂಬದಿಯಿಂದ ಅಂಟಿಸಿ ಮೇಲೆ ಬೀಸುಕಲ್ಲು ಇಟ್ಟ. ಬೆಳಗ್ಗೆ ನೋಡಿದರೆ ಆ ಮೂಲೆಯೇ ಉಳಿದ ಮೂರಕ್ಕಿಂತ ಗಟ್ಟಿಯಾಗಿತ್ತು.

ಅದು ಆಷಾಢ. ನಮ್ಮ ಕಡೆ ಆಷಾಢದ ಗಾಳಿಯೆಂದರೆ ಧೂಳಿನ ಗಾಳಿ. ಬಾಗಿಲು ತೆರೆದರೆ ಅಂಟಿನ ಮೇಲೆ ಧೂಳು, ಮುಚ್ಚಿದರೆ ಸೊಲ್ಯೂಶನ್ ವಾಸನೆಗೆ ಉಸಿರುಗಟ್ಟುತ್ತದೆ. ಅಪ್ಪ ಒಂದು ಕಂಬಳಿಯನ್ನು ನೀರಲ್ಲಿ ಅದ್ದಿ ಮುಂಬಾಗಿಲಿಗೆ ಇಳಿಬಿಟ್ಟು, ಹಿತ್ತಲ ಬಾಗಿಲು ತೆರೆದ. ಗಾಳಿ ಬಂತು, ಧೂಳು ಕಂಬಳಿಯಲ್ಲೇ ಉಳಿಯಿತು. ಮೂಗಿಗೆ ಟವೆಲ್ ಕಟ್ಟಿಕೊಂಡು ಹಲಗೆಗೂ ಬಟ್ಟೆಗೂ ತೆಳುವಾಗಿ ಅಂಟು ಬಳಿದೆವು. ನಾನು ಬಟ್ಟೆ ಎತ್ತಲು ಹೋದೆ.

"ತಡಿ. ಲಗೂನ ಮಾಡಿದ್ದು ಲಗೂನ ಬೀಳತೈತಿ. ಬೆರಳ ಹಿಂಬದಿ ಹಚ್ಚಿ ನೋಡು."

"ಅಂಟತೈತಿ."

"ಹಂಗಾರ ಇನ್ನಾ ಹಸಿ ಐತಿ. ಅಂಟು ತಾನ ಕೈ ಬಿಡಬೇಕು."

ಕಾದೆವು. ಅಷ್ಟು ಹೊತ್ತು ಅಪ್ಪನೂ ನಾನೂ ಎದುರುಬದುರು ಸುಮ್ಮನೆ ಕುಳಿತು ಎಷ್ಟೋ ವರ್ಷವಾಗಿತ್ತು. ಅಂದು ಸಂತೆಯಲ್ಲಿ ಆದದ್ದಕ್ಕೆ ನನಗೆ ಭಾಳ ಕೆಟ್ಟದೆನಿಸಿತು ಎಂದು ಹೇಳಿದೆ. ಅಪ್ಪ ಟವೆಲಿನ ಮರೆಯಲ್ಲೇ ನಕ್ಕ. "ನನಗ ಸಿಟ್ಟು ಬಂದಿದ್ದು ನಿನ್ನ ಮ್ಯಾಲಲ್ಲ. ಮಂದಿ ನಕ್ಕಾಗ ನೀ ಗಾಡಿಯೊಳಗ ಮಾರಿ ಮುಚ್ಕೊಂಡ ಕುಂತಿದ್ದಿ. ಅದನ್ನ ನೋಡೂದ ಆಗಲಿಲ್ಲ. ಅದಕ್ಕ ನಡಕೋತ ಹ್ವಾದೆ," ಎಂದ.

ಬೆರಳು ಅಂಟುವುದು ನಿಂತಿತು. ಬಟ್ಟೆಯನ್ನು ಅರ್ಧಕ್ಕೆ ಮಡಿಸಿ, ನಡುಗೆರೆಯಿಂದ ಹೊರಗೆ, ಎಳೆಯದೆ, ಅಂಗೈಯಿಂದ ಸವರುತ್ತ ಕೂಡ್ರಿಸಿದೆವು. ದೀಪದ ತಗ್ಗಿನ ಹತ್ತಿರ ಅಪ್ಪ ಹೆಬ್ಬೆರಳಿನಿಂದ ಸ್ವಲ್ಪಸ್ವಲ್ಪವೇ ಒತ್ತಿದ. ಹಿಂದಿನ ಗಾಜಿನ ಕಡೆ ಒಂದು ಸುಕ್ಕು ಉಳಿಯಿತು, ಅದು ನಾನು ಮಾಡಿದ್ದು. ತೆಗೆಯಲು ಹೋದರೆ ಉಳಿದದ್ದೂ ಹಾಳಾಗುತ್ತದೆಂದು ಬಿಟ್ಟೆವು. ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಿ, ಎರಡು ದಿನ ಒಣಗಿಸಿ, ನನ್ನ ಗಂಡನೂ ಸೇರಿ ಮೂವರು ಹಲಗೆಯನ್ನು ಗಾಡಿಗೆ ಏರಿಸಿದೆವು. ಎರಡು ಕ್ಲಿಪ್ಪು ಮುರಿದಿದ್ದವು, ತಂತಿ ಹಾಕಿದೆವು. ಅಪ್ಪ ಬಾಗಿಲು ತೆರೆದು, ಪಟಗಾ ಸಮೇತ ಒಳಗೆ ಕುಳಿತು, ತಲೆ ಅತ್ತಿತ್ತ ಆಡಿಸಿದ. ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು.

"ಜೀಪಿನವಗ ಬ್ಯಾಡ ಅಂತ ಹೇಳ್ತೀನಿ," ಎಂದ.

ಪಂಚಮಿಯ ಹಿಂದಿನ ದಿನ ನಸುಕಿನಲ್ಲೇ ಹೊರಟೆವು. ಜತ್ತ ದಾಟಿ ಡಫಳಾಪುರ ಮುಟ್ಟುವವರೆಗೆ ಅಪ್ಪ ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ತಾನು ಯಾವ ವರ್ಷ ಎಲ್ಲಿ ಕುರಿ ನಿಲ್ಲಿಸಿದ್ದೆನೆಂದು ಹೇಳುತ್ತಲೇ ಇದ್ದ. ಅತ್ತೆ ಹಸಿರು ಇಳಕಲ್ ಸೀರೆಯುಟ್ಟು, ಗಂಟು ಕಟ್ಟಿಕೊಂಡು, ಕೋಲು ಹಿಡಿದು ಬಾಗಿಲಲ್ಲೇ ಕುಳಿತಿದ್ದಳು. ಯಾವಾಗಿನಿಂದ ಕುಳಿತಿದ್ದಳೋ.

ಹತ್ತಿಸುವುದು ಹೇಗೆಂದು ನನಗೆ ಚಿಂತೆ. ಅಪ್ಪ ಸೀಟಿನ ಅಂಚಿಗೆ ಅವಳನ್ನು ಅಡ್ಡ ಕೂಡ್ರಿಸಿ, ತಾನು ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ಅವಳ ಎರಡೂ ಕಾಲುಗಳನ್ನು ಕೈಯಲ್ಲಿ ಎತ್ತಿ ಮೆಲ್ಲಗೆ ಒಳಗಿಟ್ಟ.

"ನಿನ್ನ ಹೊತ್ತ ತಿರುಗೀನಿ ನಾ. ಈಗ ನೀ ನನ್ನ ಕಾಲ ಹೊರತಿ ನೋಡು," ಎಂದಳು ಅತ್ತೆ.

"ಸುಮ್ಮನ ಕುಂದರು ಅಕ್ಕಾ," ಎಂದ ಅಪ್ಪ. ಅವಳ ಸೀರೆಯ ನೆರಿಗೆ ಒಳಗೆ ಸರಿಸಿ ಬಾಗಿಲು ಹಾಕಿದ.

ಮನೆಯಲ್ಲಿ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದ್ದಳು. ಅಂಗಳದ ಬೇವಿನ ಮರಕ್ಕೆ ಅಪ್ಪ ಈ ಸಲ ಜೋಕಾಲಿಯನ್ನು ತಗ್ಗಿಗೆ ಕಟ್ಟಿ, ಹಗ್ಗದ ನಡುವೆ ಅಗಲವಾದ ಹಲಗೆ ಹಾಕಿದ. ಅತ್ತೆ ಅದರ ಮೇಲೆ ಕುಳಿತಳು, ಪಾದ ನೆಲ ಬಿಡಲಿಲ್ಲ. ಹಿಂದಕ್ಕೆ ಒಂದು ಗೇಣು, ಮುಂದಕ್ಕೆ ಒಂದು ಗೇಣು. ಅಷ್ಟಕ್ಕೇ ಅವಳ ಮುಖ ನೋಡಬೇಕಿತ್ತು. ಎರಡು ಓಣಿಯಾಚೆ ತವರಿರುವ ನನಗೆ ಆ ಸುಖ ಅರ್ಥವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ನೋಡುತ್ತ ನಿಂತಾಗ ಕೊಂಚ ಅರ್ಥವಾಯಿತು.

ಎಂಟು ದಿನಕ್ಕೆಂದು ಬಂದ ಅತ್ತೆ ಗಣಪತಿ ಹಬ್ಬದವರೆಗೂ ಉಳಿದಳು. ಅಷ್ಟರಲ್ಲಿ ಓಣಿಯಲ್ಲಿ ಗಾಡಿಯ ಅಸ್ತರದ ಸುದ್ದಿ ಹರಡಿ, ಒಬ್ಬರು ಟ್ರ್ಯಾಕ್ಟರಿನ ಹರಿದ ಸೀಟು ತಂದರು, ಇನ್ನೊಬ್ಬರು ಮೋಟಾರ್ ಸೈಕಲ್ಲಿನದು. ಅಪ್ಪ ಬೆಳಗ್ಗೆ ಕುರಿ, ಮಧ್ಯಾಹ್ನ ಪಡಸಾಲೆ ಎಂದು ದಿನವನ್ನು ಹಂಚಿಕೊಂಡ. ಅತ್ತೆ ಹೊರಸಿನ ತುದಿಗೆ ಕುಳಿತು ಬಟ್ಟೆಯ ಅಂಚು ಹಿಡಿಯುತ್ತಿದ್ದಳು. ಗಾಡಿಯನ್ನು ತವರಿನ ಅಂಗಳದಲ್ಲಿ ಬಿಟ್ಟು ಬಸ್ಸಿಗೆ ಹೋಗಿದ್ದ ಒಂದು ದಿನ, ಶಾಲೆಯಿಂದ ಬಂದಾಗ ಇಬ್ಬರೂ ನನ್ನ ಗಾಡಿಯ ಬಾಗಿಲಿನ ರೆಕ್ಸಿನ್ ಕೆರೆದು ಹಾಕಿ, ಅದಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ಜಗಳ ತೆಗೆದಿದ್ದರು. ಅಪ್ಪನಿಗೆ ಕರಿದು ಬೇಕು, ಅತ್ತೆಗೆ ಕೆಂಪು. ನಾನು ಕೈಚೀಲ ಕೆಳಗಿಟ್ಟು, ಕೆಂಪೇ ಇರಲಿ ಅಂದೆ.