ಟವೆಲ್ಲಿನ ಕೆಳಗೆ ಸಿಕ್ಕ ಕೈ

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಕುರಿ ವ್ಯಾಪಾರ ಮಾಡುವವಳಿಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು ಇವೆರಡೇ ನಿಜ. ಮಂತ್ರಿಸಿದ ದಾರ ಕಟ್ಟಿದೆ ಎಂದು ಮರಿಗೆ ನೂರು ರೂಪಾಯಿ ಹೆಚ್ಚು ಕೇಳಿದವನಿಗೆ, ದಾರ ನೀನೇ ಇಟ್ಟುಕೋ, ಮರಿ ಕೊಡು ಅಂದಿದ್ದೇನೆ. ಈಗಲೂ ನನ್ನ ಬುದ್ಧಿ ಬದಲಾಗಿಲ್ಲ. ಆದರೆ ಜಗಳೂರಿನ ಸಂತೆಯಲ್ಲಿ ಅವತ್ತು ನನ್ನ ಹೆಬ್ಬೆರಳು ಹಿಡಿದದ್ದು ಯಾರು ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಆರು ವರ್ಷದ ಹಿಂದಿನ ಮಾತು. ನಮ್ಮದು ನ್ಯಾಮತಿ. ತವರಿನಿಂದ ಬಂದ ಎರಡು ಮೇಕೆಯಿಂದ ಶುರು ಮಾಡಿ, ಜಗಳೂರಿನ ಕಡೆ ಕುರಿಮರಿ ಕೊಂಡು ಹೊನ್ನಾಳಿ, ಸಾಸ್ವೆಹಳ್ಳಿಯ ಸಾಕುವವರಿಗೆ ಮಾರುವ ಮಟ್ಟಕ್ಕೆ ಬಂದಿದ್ದೆ. ಗಾಡಿ ಓಡಿಸುವುದು ನನ್ನ ಗಂಡ, ಮಾತಾಡುವುದು ನಾನು. ಎಲ್ಲ ಇತ್ತು, ಮಗು ಇರಲಿಲ್ಲ. ಎರಡು ಸಲ ಬಸಿರಾಗಿ ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೆಯದು ಹೋದ ಮೇಲೆ ಹೊನ್ನಾಳಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕಡಿಮೆ ಇದೆ ಎಂದು ದಿನಾ ಬೆಳಿಗ್ಗೆ ನುಂಗುವ ಮಾತ್ರೆ ಬರೆದುಕೊಟ್ಟರು. ಮತ್ತೆ ಬಸಿರಾದರೆ ಮೊದಲು ನನಗೆ ಹೇಳು ಅಂತಲೂ ಅಂದಿದ್ದರು.

ಮೂರನೇ ಸಲ ಮುಟ್ಟು ನಿಂತಾಗ ನಾನು ಡಾಕ್ಟರಮ್ಮನಿಗೆ ಹೇಳಲಿಲ್ಲ. ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊಸ್ತಿಲು ದಾಟಬಾರದು. ಹಿಂದಿನ ಎರಡು ಸಲ ನಾನು ಬೇಗ ಬಾಯಿಬಿಟ್ಟದ್ದೇ ಮುಳುವಾಯಿತು ಎಂದು ಅತ್ತೆ ನಂಬಿದ್ದರು. "ಡಾಕ್ಟ್ರಾದ್ರೇನು, ಹೊರಗಿನೋರೇ ಅಲ್ಲೇನವ್ವ? ಆಸ್ಪತ್ರೆ ಬೆಂಚಿನ ಮ್ಯಾಲೆ ನಮ್ಮೂರೋರು ನಾಕು ಜನ ಕುಂತೇ ಇರ್ತಾರೆ" ಅಂದರು. ಮಂತ್ರದ ದಾರ ನಂಬದ ನಾನು ಈ ಮಾತಿಗೆ ಮಾತ್ರ ತಲೆಯಾಡಿಸಿದೆ. ಎರಡು ಕಳೆದುಕೊಂಡವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಮಾತ್ರೆ ತಪ್ಪದೆ ನುಂಗುತ್ತಿದ್ದೇನಲ್ಲ, ಇನ್ನೇನು ಬೇಕು ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಸುಡುಬಿಸಿಲಿನಲ್ಲೂ ಚಳಿ, ಮೈಯೆಲ್ಲ ಭಾರ, ಮರೆವು. ಮರಿ ಎಣಿಸಲು ನಿಂತರೆ ಎಣಿಕೆ ಅರ್ಧಕ್ಕೇ ತಪ್ಪುತ್ತಿತ್ತು. ಬಸಿರಿನಲ್ಲಿ ಇದೆಲ್ಲ ಇದ್ದದ್ದೇ ಎಂದುಕೊಂಡೆ.

ಎರಡು ತಿಂಗಳು ಇನ್ನೂ ತುಂಬಿರಲಿಲ್ಲ. ಅವತ್ತು ಜಗಳೂರಿನ ಸಂತೆಗೆ ನಾವು ಮುಟ್ಟಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮುಂದಿನದು ಹೇಳುವ ಮೊದಲು ನಮ್ಮ ವ್ಯಾಪಾರದ ರೀತಿ ನಿಮಗೆ ಗೊತ್ತಿರಬೇಕು. ನಾವು ದರವನ್ನು ಬಾಯಲ್ಲಿ ಹೇಳುವುದು ಕಡಿಮೆ. ಮಾರುವವರ ಕೈ, ಕೊಳ್ಳುವವರ ಕೈ ಎರಡರ ಮೇಲೂ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತೇವೆ; ಎಷ್ಟು ಬೆರಳು ಹಿಡಿದರು ಎನ್ನುವುದೇ ದರದ ಲೆಕ್ಕ. ಪಕ್ಕದಲ್ಲಿ ನಿಂತವನಿಗೂ ದರ ತಿಳಿಯುವುದಿಲ್ಲ. ಹೀಗೆ ಎಷ್ಟು ಕೈ ಹಿಡಿದಿದ್ದೇನೋ ಲೆಕ್ಕವಿಲ್ಲ. ಯಾವ ಕೈ ಸುಳ್ಳು ಹೇಳುವಾಗ ಬೆವರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಒಂದು ಕಲ್ಲಿನ ಮೇಲೆ ಕಂಬಳಿ ಹೊದ್ದ ಅಜ್ಜಿಯೊಬ್ಬಳು ಕೂತಿದ್ದಳು. ಮುಂದೆ ಆರು ಒಳ್ಳೆಯ ಮರಿ. ಅವಳನ್ನು ಮೊದಲು ಕಂಡಿರಲಿಲ್ಲ. ದರ ಕೇಳಿ, ಟವೆಲ್ ಹೊದಿಸಿ ಕೈ ಚಾಚಿದೆ. ಕೆಳಗೆ ಒಂದು ಕೈ ಬಂತು. ಅದು ದರ ಹೇಳುವ ಬೆರಳುಗಳ ಹತ್ತಿರ ಹೋಗಲೇ ಇಲ್ಲ. ನೇರವಾಗಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತು. ನಮ್ಮ ವ್ಯಾಪಾರದಲ್ಲಿ ಬರೀ ಹೆಬ್ಬೆರಳನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಕೈ ಬೆಚ್ಚಗಿತ್ತು, ಮೆತ್ತಗಿತ್ತು. ಕುರಿ ಕಾಯುವವರ ಕೈಯ ಗಡಸುತನ ಒಂದು ಚೂರೂ ಇರಲಿಲ್ಲ. ಅಜ್ಜಿ ನನ್ನ ಮುಖ ನೋಡಲಿಲ್ಲ. ಮರಿಗಳ ಕಡೆ ತಿರುಗಿಕೊಂಡೇ, "ಕೈ ತಣ್ಣಗೈತಲ್ಲೇ ನಿಂದು. ಒಬ್ರಿಗಾಗೋದನ್ನ ಇಬ್ರು ಹಂಚ್ಕೊಂಡ್ರೆ ಹೆಂಗೆ ಸಾಲ್ತೈತೆ? ಇವತ್ತೇ ಹೋಗಿ ತೋರಿಸ್ಕೋ" ಅಂದಳು. ಕೈ ಎಳೆದುಕೊಂಡೆ. ಸುಲಭಕ್ಕೆ ಬಿಡಲಿಲ್ಲ, ಜಗ್ಗಬೇಕಾಯಿತು.

ನನ್ನ ಗಂಡ ಗಾಡಿ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದರು. "ಏನೇ, ಮಕ ಹಿಂಗೆ ಬಿಳಿಚ್ಕೊಂಡೈತೆ? ಮುದುಕಿ ಅಷ್ಟೊಂದು ರೇಟು ಕೇಳಿದ್ಳೇನು?" ಎಂದು ನಕ್ಕರು.

"ಹೊನ್ನಾಳಿಗೆ ನಡೀರಿ."

"ಖಾಲಿ ಗಾಡೀನಾ? ಡೀಸೆಲ್ ನಿಮ್ಮಪ್ಪ ಹಾಕ್ಸಿದ್ನಾ?"

"ನಡೀರಿ ಅಂದ್ನಲ್ಲ."

ಖಾಲಿ ಗಾಡಿ ತಿರುಗಿಸಿದ್ದು ನನ್ನ ವ್ಯಾಪಾರದಲ್ಲಿ ಅದೊಂದೇ ಸಲ.

ಸಂಜೆ ರಿಪೋರ್ಟ್ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು. "ಊರಿಗೆಲ್ಲ ಚೌಕಾಸಿ ಮಾಡ್ತೀಯ, ನಿನ್ನ ಮಗು ವಿಷಯದಲ್ಲಿ ಬಾಯಿ ಬರಲಿಲ್ಲವಾ?" ಎಂದು ಬೈದರು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ತಾಯಿಯ ಮೈಯಿಂದಲೇ ಹೋಗಬೇಕಂತೆ. ಮೊದಲು ನನ್ನೊಬ್ಬಳಿಗೆ ಸಾಲುತ್ತಿದ್ದ ಮಾತ್ರೆ ಈಗ ಸಾಲುತ್ತಿಲ್ಲ ಎಂದರು. ಅಜ್ಜಿ ಅಂದದ್ದೂ ಅದೇ ಅಲ್ಲವೇ? ಅವತ್ತೇ ಮಾತ್ರೆ ಹೆಚ್ಚಾಯಿತು, ತಿಂಗಳಿಗೊಮ್ಮೆ ಪರೀಕ್ಷೆ ಶುರುವಾಯಿತು. ಮೂರು ತಿಂಗಳು ತುಂಬಿತು, ನಾಲ್ಕಕ್ಕೆ ಕಾಲಿಟ್ಟಿತು. ಈ ಸಲ ಬಸಿರು ಉಳಿಯಿತು.

ಓದುವ ಹೆಣ್ಣುಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಊರಿಗೆ ಹೇಳಬೇಡಿ, ನೆಂಟರಿಗೆ ಹೇಳಬೇಡಿ, ಡಾಕ್ಟರಿಗೆ ಮಾತ್ರ ಗೊತ್ತಾದ ದಿನವೇ ಹೇಳಿ. ಥೈರಾಯ್ಡ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನೀವೇ ಹೆಚ್ಚಿಸಲೂಬೇಡಿ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಕಾಫಿ ಆಮೇಲೆ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೇ ನುಂಗಬೇಡಿ, ನಾಲ್ಕು ತಾಸು ಅಂತರ ಇರಲಿ. ಇದರಲ್ಲಿ ಚೌಕಾಸಿ ಇಲ್ಲ.

ಐದನೇ ತಿಂಗಳಲ್ಲಿ ಒಂದು ಸೀರೆ ತೆಗೆದುಕೊಂಡು ಜಗಳೂರಿಗೆ ಹೋದೆ. ಅಜ್ಜಿ ಇರುವುದಿಲ್ಲ, ಅಂಥವಳು ಯಾರೂ ಇಲ್ಲವೇ ಇಲ್ಲ ಅನ್ನುತ್ತಾರೆ ಎಂದು ಒಳಗೊಳಗೇ ಹೆದರಿದ್ದೆ. ಇದ್ದಳು, ಅದೇ ಕಲ್ಲಿನ ಮೇಲೆ. ನನ್ನ ಗುರುತೂ ಹಿಡಿದಳು.

"ರೇಟು ಕೇಳಾಕೆ ಬಂದು ಓಡಿಹೋದಾಕಿ ನೀನೇ ಅಲ್ಲೇನು?"

ಸೀರೆ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡಳು. ಅವತ್ತು ಕೈ ಹಿಡಿದು ನನ್ನ ಮಗು ಉಳಿಸಿದೆ ಅಜ್ಜಿ ಅಂದೆ. ಅವಳು ನನ್ನನ್ನೇ ನೋಡಿ, ಕಂಬಳಿ ಸರಿಸಿ ಬಲಗೈ ತೋರಿಸಿದಳು. ಒಣಗಿ, ಮಡಚಿಕೊಂಡು ಎದೆಗೆ ಅಂಟಿತ್ತು.

"ಇದಕ್ಕೆ ಲಕ್ವ ಹೊಡೆದು ಭಾಳ ವರ್ಷ ಆತು. ಎಡಗೈಯಾಗೆ ಮರಿ ಹಗ್ಗ ಇರ್ತೈತೆ. ಟವೆಲ್ಲಿಗೆ ಯಾವ ಕೈ ಕೊಡ್ಲವ್ವ? ನಾನು ಬಾಯಾಗೇ ಹೇಳಾಕಿ. ಅವತ್ತೂ ಮೂರು ಸಲ ರೇಟು ಹೇಳ್ದೆ. ನೀನು ಟವೆಲ್ ಹೊದ್ದಿಸ್ಕೊಂಡು ಸುಮ್ನೆ ನಿಂತಿದ್ದಿ."

"ಕೈ ತಣ್ಣಗೈತೆ, ತೋರಿಸ್ಕೋ ಅಂದ್ಯಲ್ಲಜ್ಜಿ?"

"ನಾನಾ? ಮುಟ್ಟದ ಕೈ ತಣ್ಣಗೈತೋ ಬಿಸಿ ಐತೋ ನನಗ್ಹೆಂಗೆ ಗೊತ್ತಾಗ್ಬೇಕು?" ಅಂದವಳು ತುಸು ತಡೆದು, "ಹಂಗಂತ ಸೀರೆ ವಾಪಸ್ ಕೇಳಬ್ಯಾಡ ಮತ್ತೆ, ಚೆನ್ನಾಗೈತೆ" ಎಂದು ಮಡಿಲಿಗೆ ಸೇರಿಸಿಕೊಂಡಳು.

ಅವಳ ಎರಡೂ ಕೈ ಮುಟ್ಟಿ ನೋಡಿದೆ. ಎರಡೂ ಅಂದಿನ ಕೈಯಲ್ಲ.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ನಗಲಿಲ್ಲ. ಥೈರಾಯ್ಡ್ ಅಷ್ಟು ಏರುಪೇರಾದಾಗ ತಲೆಗೆ ಮಂಕು ಕವಿಯುವುದುಂಟು, ಬಸಿರಾದರೆ ಮೊದಲು ಹೇಳು ಎಂದು ತಾವು ಹಿಂದೆ ಅಂದದ್ದು ನನ್ನ ಮನಸ್ಸಿನಲ್ಲೇ ಇತ್ತು, ಅದೇ ಎದ್ದು ಬಂದಿರಬೇಕು ಎಂದರು. ಅರ್ಧ ಒಪ್ಪಿದೆ. ಮಾತು ನನ್ನ ಮನಸ್ಸಿನದೇ ಇರಬಹುದು. ಆದರೆ ಜಗ್ಗಿ ಬಿಡಿಸಿಕೊಳ್ಳಬೇಕಾದ ಆ ಹಿಡಿತ? ತಣ್ಣಗೆ ಕೊರೆಯುತ್ತಿದ್ದ ನನ್ನ ಬೆರಳಿಗೆ ತಾಗಿದ ಆ ಬಿಸಿ? ಮಂಕು ಕವಿದ ತಲೆ ಅಷ್ಟು ಸರಿಯಾದ ದಾರಿ ತೋರಿಸುತ್ತದೆಯೇ? ಎಷ್ಟು ಯೋಚಿಸಿದರೂ ದರ ಕುದುರುವುದಿಲ್ಲ.

ಮಗಳಿಗೆ ಈಗ ಐದು ತುಂಬಿದೆ. ನನ್ನ ಹೆಬ್ಬೆರಳು ಹಿಡಿದೇ ನಿದ್ದೆ ಮಾಡುತ್ತಾಳೆ. ಎಲ್ಲ ಮಕ್ಕಳೂ ಹಾಗೇ, ಅದಕ್ಕೆ ನಾನು ಏನನ್ನೂ ಗಂಟು ಹಾಕುವುದಿಲ್ಲ. ಸಂತೆಗೆ ಈಗಲೂ ಹೋಗುತ್ತೇನೆ. ಆದರೆ ಟವೆಲ್ ಹೊದಿಸಿದ ಮೇಲೆ ಎದುರಿನವರಿಗೆ, ಒಂದು ನಿಮಿಷ ತಡೀರಿ, ಆಮೇಲೆ ಕೈ ಕೊಡಿ ಎನ್ನುತ್ತೇನೆ. ಇದೆಂಥ ಹೊಸ ವ್ಯಾಪಾರ ಎಂದು ಅವರು ನಗುತ್ತಾರೆ. ಖಾಲಿ ಟವೆಲ್ಲಿನ ಕೆಳಗೆ ಕೈ ಚಾಚಿಕೊಂಡು ನಾನು ನಿಂತಿರುತ್ತೇನೆ.