ಮನೇಲಿ ಯಾರಿದ್ದಾರೆ?

ಮೊನ್ನೆ ಭದ್ರಾವತಿ ಬಸ್ಸಿನಲ್ಲಿ ಪಕ್ಕದ ಹೆಂಗಸು ನೀಲಗಿರಿ ಎಣ್ಣೆಯ ಸೀಸೆ ತೆಗೆದು ಮಂಡಿಗೆ ಹಚ್ಚಿಕೊಂಡಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಅಜ್ಜ ನೆನಪಾದರು...

ಗಂಡಸನ್ನೇ ಪ್ರೀತಿಸಿ ಬಾಳಿದ ಗಂಡಸರು, ಹೆಂಗಸಿನ ಜೊತೆ ಬಾಳಿದ ಹೆಂಗಸರು, ಇಂಥವರಿಗೆ ವಯಸ್ಸಾದಾಗ ನೆನಪಿನ ಶಕ್ತಿ ಹೇಗಿರುತ್ತದೆ ಅನ್ನುವುದು ನಮ್ಮ ಅಧ್ಯಯನವಾಗಿತ್ತು. ಶಿವಮೊಗ್ಗದಿಂದ ಹೋಗಿ ಪ್ರಶ್ನೆ ಕೇಳಿ ಬರುವ ಕೆಲಸ ನನ್ನದು. ಅಜ್ಜ ಭದ್ರಾವತಿಯಲ್ಲಿ ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದವರು. ಮೊದಲ ಸಲ ಹೋದಾಗ ತಮ್ಮ ಬಾಳಿನ ಜೊತೆಗಾರರ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದರು. "ಮನೇಲಿ ಯಾರಿದ್ದಾರೆ?" ಅಂದೆ. "ಇವ್ರೇ, ನನ್ನ ಜೀವ" ಅಂತ ನಕ್ಕರು.

ಮುಂದಿನ ಸಲ ಪಕ್ಕದ ಮನೆಯಾಕೆ ಮೊಸರು ಕೊಡಲು ಬಂದು ಅಲ್ಲೇ ನಿಂತಿದ್ದಳು. ನೆನಪಿನ ಪರೀಕ್ಷೆಗೆ ಪ್ರತಿ ಸಲ ಕೇಳಬೇಕಿದ್ದ ಅದೇ ಪ್ರಶ್ನೆಗೆ ಅಜ್ಜ "ದೂರದ ನೆಂಟ್ರು" ಅಂದರು. ಅವರ ಅಣ್ಣನ ಮಗ ಬಂದಿದ್ದ ದಿನ, "ಫ್ಯಾಕ್ಟರಿ ಫ್ರೆಂಡು, ಎರಡು ದಿನ ಇದ್ದು ಹೋಗ್ತಾರೆ." ಅಯ್ಯೋ, ಮರೆವು ಶುರುವಾಯಿತು ಅಂದುಕೊಂಡೆ ನಾನು, ಮಹಾ ಬುದ್ಧಿವಂತೆ! ಬಾಯಿ ಮುಚ್ಚಿಕೊಂಡಾದರೂ ಇರಬಾರದಿತ್ತೇ? ಹೊರಗೆ ಹೇಳುವ ಹಕ್ಕೇ ನನಗಿರಲಿಲ್ಲ. ಆದರೂ ಗೇಟಿನ ಹತ್ತಿರ ಅಣ್ಣನ ಮಗನಿಗೆ, "ನಿಮ್ಮ ಚಿಕ್ಕಪ್ಪಂಗೆ ಮರೆವು, ಸ್ವಲ್ಪ ನೋಡ್ಕೊಳ್ಳಿ" ಅಂದುಬಿಟ್ಟೆ. ಅವನು ಆ ವಾರವೇ ಅವರನ್ನು ಶಿವಮೊಗ್ಗಕ್ಕೆ, ರಾಗಿಗುಡ್ಡದ ತನ್ನ ಮನೆಗೆ ಕರೆದುಕೊಂಡು ಹೋದ.

ಮತ್ತೆ ಹೋದಾಗ ಜೊತೆಗಾರರೊಬ್ಬರೇ ಕೂತಿದ್ದರು. ನನ್ನನ್ನು ಬೈಯಲೂ ಇಲ್ಲ. "ಅವ್ರಿಗೆ ಮರೆವಿಲ್ಲಮ್ಮ. ಯಾರ ಮುಂದೆ ಏನು ಹೇಳ್ಬೇಕು ಅನ್ನೋದನ್ನ ಒಂದು ದಿನಾನೂ ಮರೆತೋರಲ್ಲ" ಅಂದರು.

ರಾಗಿಗುಡ್ಡಕ್ಕೆ ಓಡಿದೆ. "ತಪ್ಪು ನಂದು, ಅವರಿಗೆ ಮರೆವಿಲ್ಲ, ವಾಪಸ್ ಕಳಿಸಿ" ಅಂತ ಅಂಗಲಾಚಿದೆ. ಅಣ್ಣನ ಮಗ ಅಜ್ಜನನ್ನೇ ಕೇಳಿದ, "ಅಲ್ಲಿ ನಿಮ್ಮೋರು ಅಂತ ಯಾರಿದ್ದಾರೆ ಚಿಕ್ಕಪ್ಪ?" ಅಜ್ಜ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ಯಾರೂ ಇಲ್ಲಪ್ಪ" ಅಂದರು. ನಾನು ತುಟಿ ಬಿಚ್ಚಿದ್ದರೆ ಅವರ ಬದುಕಿನ ಗುಟ್ಟೇ ರಟ್ಟು. ಸುಮ್ಮನೆ ಎದ್ದು ಬಂದೆ.

ಕೆಲವೇ ತಿಂಗಳಲ್ಲಿ ಅಜ್ಜ ಹೋಗಿಬಿಟ್ಟರು... ಭದ್ರಾವತಿಗೆ ಸುದ್ದಿ ಮುಟ್ಟಿಸಿದವಳು ನಾನೇ. ಜೊತೆಗಾರರು ಕಡೆಯ ಸಲ ಮುಖ ನೋಡಲು ಒಗೆದ ಅಂಗಿ ಹಾಕಿಕೊಂಡು ಹೊರಟರು. ಹೊಸಿಲ ಹತ್ತಿರ ನಿಂತು ಕೇಳಿದರು: "ಅಲ್ಲಿ ಕೇಳಿದ್ರೆ ನಾನು ಯಾರು ಅಂತ ಹೇಳ್ಲಮ್ಮ?"

ಆಮೇಲೆ ಒಳಗೆ ಹೋಗಿ ಅಂಗಿ ಬಿಚ್ಚಿಟ್ಟರು.

ಮೊನ್ನೆ ನಾನು ಬಸ್ಸು ಹತ್ತಿದ್ದು ಅವರನ್ನು ನೋಡಿ ಬರೋಣ ಅಂತಲೇ. ಗೇಟಿನ ತನಕ ಹೋದೆ. ಒಳಗಿನಿಂದ "ಯಾರು?" ಅಂದರು. ಯಾರು ಅಂತ ಹೇಳಲಿ? ಹಾಗೇ ತಿರುಗಿ ಬಂದೆ.